ಬೀದರಿಗೂ ಒಂದು ಬಜಪೆ ಬೇಕು

ರಾಜೇಶ್ವರ ಅಂದರೆ ನಮ್ಮ ಕರಾವಳಿಯವರಿಗೆ ಕೂಡಲೇ ಗೊತ್ತಾಗುವ ಊರಲ್ಲ. ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲೂಕಿನಲ್ಲಿ, ಹುಮನಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಉಂಟು. ತೊಗರಿ, ಸೋಯಾ, ಕಬ್ಬು ಬೆಳೆಯುವ ಸೀಮೆ. ಕೆಲವು ವರ್ಷಗಳಿಂದ ನಾವು ಇಲ್ಲಿಯ ಮಕ್ಕಳಿಗೆ ಮದ್ರಸ ಪಾಠ ಹೇಳಿಕೊಡುತ್ತಿದ್ದೇವೆ. ಊರಲ್ಲಿ ನಮ್ಮನ್ನು ಉಸ್ತಾದ್ ಅಂತ ಕರೆಯುತ್ತಿದ್ದರು, ಇಲ್ಲಿ ಮೌಲಾನಾ ಸಾಬ್ ಆಗಿದ್ದೇವೆ. ಅಷ್ಟೇ ವ್ಯತ್ಯಾಸ.

ಒಂದು ದಿನ ಪಾಠದ ನಡುವೆ ಆಕಾಶದಲ್ಲಿ ದೊಡ್ಡ ಸದ್ದು. ಮಕ್ಕಳೆಲ್ಲ ಕಿಟಕಿ ಕಡೆ ಓಡಿದರು. ಒಬ್ಬ ಹುಡುಗ ಕೇಳಿದ: "ಮೌಲಾನಾ ಸಾಬ್, ನೀವು ಮಂಗಳೂರಿಗೆ ಈ ವಿಮಾನದಾಗ ಹೋಗ್ತೀರೇನ್ರಿ?" ನಾವು ನಕ್ಕೆವು. ಅದು ವಾಯುಪಡೆಯ ವಿಮಾನ. ಬೀದರಿನಲ್ಲಿ ತರಬೇತಿ ಪಡೆಯುವ ಪೈಲಟ್‌ಗಳು ಹಾರಿಸುವುದು. ನಮ್ಮಂಥವರಿಗೆ ಸೀಟು ಇರುವ ವಿಮಾನವೂ ಬೀದರಿಗೆ ಬರುತ್ತದೆ, ಆದರೆ ಅದು ಬರುವುದಕ್ಕಿಂತ ನಿಂತು ಹೋಗುವ ಸುದ್ದಿಯೇ ಹೆಚ್ಚು ಅಂತ ಆ ಮಗುವಿಗೆ ಹೇಳುವುದು ಹೇಗೆ?

ಆ ನಿಲ್ದಾಣದ ಕಥೆಯನ್ನು ನಮ್ಮ ಓದುಗರಿಗೂ ಹೇಳಬೇಕು ಅನ್ನಿಸಿತು. ಬಜಪೆ ಮನೆಯ ಹತ್ತಿರ ಇರುವವರಿಗೆ ಬಜಪೆಯ ಬೆಲೆ ಗೊತ್ತಾಗುವುದಿಲ್ಲ. ನಮಗೂ ಗೊತ್ತಿರಲಿಲ್ಲ.

ಒಂದು ಫಜ್ರ್ ಹೊತ್ತಿನ ಫೋನು

2024ರ ಆರಂಭದ ದಿನಗಳು. ಫಜ್ರ್ ನಮಾಝ್ ಮುಗಿಸಿ ಬರುವಾಗ ಅಣ್ಣನ ಫೋನು ಬಂತು. ಉಮ್ಮ ತೀರಿಕೊಂಡಿದ್ದರು. ಇನ್ನಾ ಲಿಲ್ಲಾಹ್ ಹೇಳಿ ಕುಳಿತೆವು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಕಾಯುವುದಾ?"

ಮಯ್ಯಿತನ್ನು ಹೆಚ್ಚು ಹೊತ್ತು ಇಡುವ ಕ್ರಮ ನಮ್ಮಲ್ಲಿಲ್ಲ, ಬೇಗ ದಫನ ಮಾಡಬೇಕು. ಎಷ್ಟು ಗಂಟೆಗೆ ಬಂದು ಮುಟ್ಟುತ್ತೇವೆ ಎಂದು ಹೇಳಲು ನಮ್ಮಲ್ಲಿ ಉತ್ತರ ಇರಲಿಲ್ಲ. ಆ ತಿಂಗಳು ಬೀದರಿನಿಂದ ವಿಮಾನವೇ ಇರಲಿಲ್ಲ. ರೈಲಿನಲ್ಲಿ ಹೋದರೆ ಬೆಂಗಳೂರು ಮುಟ್ಟುವುದಕ್ಕೇ ಒಂದು ರಾತ್ರಿ ಬೇಕು. ಉಳಿದದ್ದು ಹೈದರಾಬಾದ್. ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿ ದಾಟಿ, ನಗರದ ಹೊರವರ್ತುಲ ರಸ್ತೆ ಹಿಡಿದು ಶಂಷಾಬಾದಿಗೆ. ಅಲ್ಲಿ ಟಿಕೆಟು ಸಿಕ್ಕಿದರೆ ಮಂಗಳೂರಿಗೆ.

"ಕಾಯಬೇಡಿ" ಎಂದೆವು.

ಬಾಡಿಗೆ ಕಾರು ಹಿಡಿದು ಹೊರಟೆವು. ಸಂಜೆಯ ವಿಮಾನದಲ್ಲಿ ಸೀಟು ಸಿಕ್ಕಿತು. ಕೆಂಜಾರಿನಲ್ಲಿ ಇಳಿದು ಮನೆಗೆ ಮುಟ್ಟುವಾಗ ಇಶಾ ಆಗಿತ್ತು. ಅಸರಿನ ನಂತರ ದಫನ ಮುಗಿಸಿದ್ದರು. ಅಣ್ಣ ನಮ್ಮನ್ನು ನೇರ ಕಬರಿನ ಹತ್ತಿರ ಕರೆದುಕೊಂಡು ಹೋದರು. ಮಣ್ಣು ಇನ್ನೂ ಹಸಿ ಇತ್ತು.

ಇದರಲ್ಲಿ ಯಾರನ್ನೂ ದೂರುವುದಕ್ಕೆ ಇಲ್ಲ. ಬೀದರಿನಿಂದ ವಿಮಾನ ಇದ್ದ ದಿನಗಳಲ್ಲೇ ಆಗಿದ್ದರೂ, ಆ ದಿನ, ಆ ಹೊತ್ತಿಗೆ ಇರುತ್ತಿತ್ತು ಎಂಬ ಖಾತ್ರಿ ಏನೂ ಇಲ್ಲ. ವಿಧಿಯನ್ನು ಒಪ್ಪಿಕೊಂಡವರು ನಾವು. ಆದರೆ ಅಂದಿನಿಂದ ಬೀದರಿನ ನಿಲ್ದಾಣ ನಮಗೆ ಪತ್ರಿಕೆಯ ಸುದ್ದಿಯಾಗಿ ಮಾತ್ರ ಉಳಿಯಲಿಲ್ಲ.

ಬಾಂಬಿನ ವಿಮಾನದಿಂದ ಟಿಕೆಟಿನ ವಿಮಾನಕ್ಕೆ

ರಾಜೇಶ್ವರಕ್ಕೂ ವಿಮಾನಕ್ಕೂ ಹಳೆಯ ನಂಟು ಉಂಟು, ಸಿಹಿ ನಂಟಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿಕೊಳ್ಳಲು ಸೇನೆ ಸೊಲ್ಲಾಪುರದ ಕಡೆಯಿಂದ ಇದೇ ಹೆದ್ದಾರಿಯಲ್ಲಿ ಬಂತು. ನಳದುರ್ಗ, ಉಮರ್ಗಾ ದಾಟಿ ಸೆಪ್ಟೆಂಬರ್ 14ರಂದು ರಾಜೇಶ್ವರ ತಲುಪಿತು. ದಾರಿಯಲ್ಲಿ ನಿಜಾಮರ ಕಡೆಯವರು ಹೊಂಚು ಹಾಕಿ ಕೂತಿದ್ದಾರೆಂದು ವಾಯುಪಡೆಯ ಟೆಂಪೆಸ್ಟ್ ವಿಮಾನಗಳನ್ನು ಕರೆಸಿ ದಾಳಿ ಮಾಡಿಸಿದ್ದರು. ಆ ದಿನಗಳ ಮತ್ತು ಆಮೇಲಿನ ದಿನಗಳ ನೋವಿನ ಬಗ್ಗೆ ಇಲ್ಲಿಯ ಹಿರಿಯರು ಹೆಚ್ಚು ಮಾತಾಡುವುದಿಲ್ಲ, ನಾವೂ ಕೆದಕುವುದಿಲ್ಲ.

ಬೀದರಿನ ವಿಮಾನ ಇಳಿದಾಣವೂ ನಿಜಾಮರ ಕಾಲದ್ದೇ. ಭಾರತಕ್ಕೆ ಸೇರಿದ ಮೇಲೆ ಅದು ವಾಯುಪಡೆಯ ಕೈಗೆ ಬಂದು, ಹಲವು ದಶಕಗಳಿಂದ ಪೈಲಟ್‌ಗಳ ತರಬೇತಿ ಕೇಂದ್ರವಾಗಿದೆ. ಆಕಾಶದಲ್ಲಿ ಸಾಲಾಗಿ ಹಾರುತ್ತಾ ಬಣ್ಣದ ಹೊಗೆ ಬಿಡುವ 'ಸೂರ್ಯಕಿರಣ' ತಂಡವನ್ನು ನೀವು ಟಿವಿಯಲ್ಲಿ ನೋಡಿರಬಹುದು. ಆ ತಂಡ 1996ರಲ್ಲಿ ಕಟ್ಟಿಕೊಂಡದ್ದು ಬೀದರಿನಲ್ಲಿ. 2008ರಲ್ಲಿ 'ಹಾಕ್' ಎಂಬ ತರಬೇತಿ ಜೆಟ್‌ಗಳು ಬಂದವು. ನಮ್ಮ ಮಕ್ಕಳನ್ನು ಕಿಟಕಿಗೆ ಓಡಿಸಿದ ಸದ್ದು ಅದರದ್ದೇ ಇರಬೇಕು.

ಹಾಗಾಗಿ ಬೀದರಿನಲ್ಲಿ ರನ್‌ವೇ ಇಲ್ಲ ಎಂಬ ಮಾತೇ ಇರಲಿಲ್ಲ. ಇಲ್ಲದ್ದು ನಮಗೆ ಪ್ರವೇಶ. ಅದಕ್ಕಾಗಿ ವಾಯುನೆಲೆಯ ಪಕ್ಕದಲ್ಲಿ ಸಾರ್ವಜನಿಕರಿಗೆಂದು ಒಂದು ಟರ್ಮಿನಲ್ ಕಟ್ಟಿದರು. ಕಟ್ಟಡ ಎದ್ದಿತು, ಆದರೆ ಸುಮಾರು ಹತ್ತು ವರ್ಷ ಒಬ್ಬ ಪ್ರಯಾಣಿಕನೂ ಅದರ ಒಳಗೆ ಹೋಗಲಿಲ್ಲ.

ಕಾರಣ ಹೈದರಾಬಾದಿನಲ್ಲಿತ್ತು. 2008ರ ಮಾರ್ಚಿನಲ್ಲಿ ಶಂಷಾಬಾದಿನ ದೊಡ್ಡ ನಿಲ್ದಾಣ ಶುರುವಾಯಿತು. ಖಾಸಗಿ ಕಂಪನಿ ಕೋಟಿಗಟ್ಟಲೆ ಹಣ ಹಾಕುವಾಗ, 150 ಕಿಲೋಮೀಟರ್ ಸುತ್ತಳತೆಯೊಳಗೆ ಪೈಪೋಟಿಗೆ ಇನ್ನೊಂದು ನಿಲ್ದಾಣ ಬರಬಾರದು ಎಂಬ ರಕ್ಷಣೆ ಕೇಳುವುದು ರೂಢಿ. ಬೀದರ್ ಆ ಸುತ್ತಳತೆಯ ಒಳಗೇ ಬಿತ್ತು. ಪಕ್ಕದ ರಾಜ್ಯದ ರಾಜಧಾನಿಗೆ ಆದ ಒಪ್ಪಂದ, ನಮ್ಮ ರಾಜ್ಯದ ತುದಿಯ ಜಿಲ್ಲೆಗೆ ಬೀಗ ಹಾಕಿತು. ಕೊನೆಗೆ ಹೈದರಾಬಾದ್ ನಿಲ್ದಾಣ ನಡೆಸುವ ಜಿಎಂಆರ್ ಸಂಸ್ಥೆಗೇ ಬೀದರಿನ ಟರ್ಮಿನಲನ್ನೂ ನಡೆಸಲು ಒಪ್ಪಿಸಿದ ಮೇಲೆ ದಾರಿ ಬಿಟ್ಟಿತು.

ಮೂರು ಸಲ ಶುರು, ಎರಡು ಸಲ ಬಂದ್

2020ರ ಫೆಬ್ರವರಿ 7ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಬೀದರ್ ನಿಲ್ದಾಣ ಉದ್ಘಾಟಿಸಿದರು. ಹೈದರಾಬಾದಿನ ಟ್ರೂಜೆಟ್ ಕಂಪನಿಯ ಎಟಿಆರ್ ವಿಮಾನ ಬೆಂಗಳೂರಿಗೆ ಹಾರಲು ಶುರುವಾಯಿತು. ಅದು ರೆಕ್ಕೆಯಲ್ಲಿ ಫ್ಯಾನು ತಿರುಗುವ, ಸುಮಾರು 70 ಸೀಟಿನ ವಿಮಾನ. ನಮ್ಮವರಿಗೆ ಇದು ಹೊಸತಲ್ಲ, ಬಜಪೆಗೂ ಬರುತ್ತದೆ. ಆದರೆ ಒಂದೂವರೆ ತಿಂಗಳು ಕಳೆಯುವುದರೊಳಗೆ ಕೊರೊನಾ ಬಂತು, ಮಾರ್ಚ್ 25ರಿಂದ ದೇಶದ ಒಳಗಿನ ವಿಮಾನಗಳೆಲ್ಲ ನಿಂತವು. ಆಮೇಲೆ ಮತ್ತೆ ಹಾರಿತಾದರೂ, 2022ರ ಆರಂಭದಲ್ಲಿ ಕಂಪನಿಯೇ ಹಾರಾಟ ನಿಲ್ಲಿಸಿತು.

2022ರ ಜೂನ್‌ನಲ್ಲಿ ಸ್ಟಾರ್ ಏರ್ ಬಂತು. 50 ಸೀಟಿನ ಎಂಬ್ರೇಯರ್ ಜೆಟ್. ಒಂದೂವರೆ ವರ್ಷ ನಡೆಯಿತು. 2023ರ ಡಿಸೆಂಬರ್ ಕೊನೆಗೆ ಅದೂ ನಿಂತಿತು. ನಂತರ ಹದಿನೈದು ತಿಂಗಳಿಗೂ ಹೆಚ್ಚು ಕಾಲ ಟರ್ಮಿನಲ್ ಖಾಲಿ. ಜಿಲ್ಲೆಯ ಜನಪ್ರತಿನಿಧಿಗಳು ಓಡಾಡಿದರು, ನಷ್ಟದ ಅಂತರವನ್ನು ತುಂಬಿಕೊಡಲು ರಾಜ್ಯ ಸರ್ಕಾರ ಮುಂದೆ ಬಂತು, 2025ರ ಏಪ್ರಿಲ್‌ನಲ್ಲಿ ಅದೇ ಸ್ಟಾರ್ ಏರ್ ಮತ್ತೆ ಹಾರಾಟ ಶುರು ಮಾಡಿತು.

ಒಟ್ಟು ಲೆಕ್ಕ ಹಾಕಿ ನೋಡಿ. ಉದ್ಘಾಟನೆಯಿಂದ ಮೂರನೆಯ ಆರಂಭದವರೆಗೆ ಐದು ವರ್ಷ ಎರಡು ತಿಂಗಳು. ಅದರಲ್ಲಿ ಒಂದೂವರೆ ವರ್ಷಕ್ಕಿಂತ ಹೆಚ್ಚು ಕಾಲ ನಿಲ್ದಾಣ ಇತ್ತು, ವಿಮಾನ ಇರಲಿಲ್ಲ.

ಯಾಕೆ ನಿಲ್ಲುತ್ತದೆ?

ಇದನ್ನು ತಿಳಿಯಬೇಕಾದರೆ 'ಉಡಾನ್' ಯೋಜನೆ ಏನೆಂದು ಗೊತ್ತಿರಬೇಕು. ಕೇಂದ್ರ ಸರ್ಕಾರ 2016ರ ಅಕ್ಟೋಬರಿನಲ್ಲಿ ತಂದದ್ದು. ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ಸಣ್ಣ ಊರಿನ ಜನ ಕೂಡ ವಿಮಾನ ಹತ್ತಲಿ ಎಂಬುದು ಉದ್ದೇಶ. ಒಂದು ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿ ಎಂದು ಆಗ ಮಿತಿ ಹಾಕಿದರು. ವಿಮಾನದ ಹೆಚ್ಚುಕಡಿಮೆ ಅರ್ಧದಷ್ಟು ಸೀಟು ಈ ಮಿತಿಯ ದರಕ್ಕೆ, ಉಳಿದವು ಕಂಪನಿಯ ದರಕ್ಕೆ. ಕಡಿಮೆ ದರದಿಂದ ಆಗುವ ಕೊರತೆಯನ್ನು ಸರ್ಕಾರ ಕಂಪನಿಗೆ ತುಂಬಿಕೊಡುತ್ತದೆ. ರಾಜ್ಯ ಸರ್ಕಾರದ್ದೂ ಅದರಲ್ಲಿ ಪಾಲು ಉಂಟು, ಪೊಲೀಸ್ ಭದ್ರತೆ ಮತ್ತು ಅಗ್ನಿಶಾಮಕ ಸೇವೆಯನ್ನೂ ಅದೇ ಕೊಡಬೇಕು.

ಈ ಹಣ ಎಲ್ಲಿಂದ ಬರುತ್ತದೆ ಗೊತ್ತುಂಟಾ? ದೊಡ್ಡ ಊರುಗಳ ನಡುವೆ ಹಾರುವ ವಿಮಾನಗಳ ಮೇಲೆ ಒಂದು ಸುಂಕ ಹಾಕಿದ್ದಾರೆ. ಆ ಸುಂಕ ಕೊನೆಗೆ ಟಿಕೆಟಿನ ದರದಲ್ಲೇ ಸೇರುವುದು. ಅಂದರೆ ದೊಡ್ಡ ಊರುಗಳ ನಡುವೆ ಪ್ರಯಾಣಿಸುವ ನಮ್ಮ ವ್ಯಾಪಾರಿಗಳೂ ಬೀದರಿನಂಥ ಊರಿನ ವಿಮಾನಕ್ಕೆ ನಾಲ್ಕು ಕಾಸು ಕೊಟ್ಟಂತೆಯೇ.

ಆದರೆ ಈ ನೆರವು ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಅಷ್ಟರೊಳಗೆ ಜನ ಅಭ್ಯಾಸವಾಗಿ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು ಎಂಬುದು ಲೆಕ್ಕ. ಬೀದರಿಗೆ ಆ ಮೂರು ವರ್ಷವೇ ಸರಿಯಾಗಿ ಸಿಗಲಿಲ್ಲ. ಮೊದಲು ಕೊರೊನಾ, ಆಮೇಲೆ ಕಂಪನಿ ಬದಲಾವಣೆ, ಆಮೇಲೆ ಬಂದ್.

ಜನರ ಕಡೆಯಿಂದಲೂ ನೋಡಬೇಕು. ಬೀದರಿನಿಂದ ಹೈದರಾಬಾದ್ ರಸ್ತೆಯಲ್ಲಿ ಮೂರು ಗಂಟೆ. ಅಲ್ಲಿ ಹೊತ್ತಿಗೊಂದು ವಿಮಾನ, ದೇಶವಿದೇಶಕ್ಕೆ. ಗಲ್ಫಿಗೆ ಹೋಗುವ ಈ ಕಡೆಯ ಹುಡುಗರು ಅಲ್ಲಿಂದಲೇ ಹಾರುತ್ತಾರೆ. ಈ ಭಾಗದ ಹಾಜಿಗಳೂ ಹೈದರಾಬಾದಿನಿಂದಲೇ ಹೊರಡುವುದು ರೂಢಿ. ರಾಜೇಶ್ವರದಂಥ ಊರಿಗೆ ಇನ್ನೊಂದು ಆಯ್ಕೆಯೂ ಉಂಟು, ಕಲಬುರಗಿ. ಅಲ್ಲಿಯ ನಿಲ್ದಾಣ 2019ರ ನವೆಂಬರ್ 22ರಂದು ಶುರುವಾಯಿತು. ಮೂರು ಕಿಲೋಮೀಟರಿಗಿಂತ ಉದ್ದದ ರನ್‌ವೇ ಉಂಟು, ನಮ್ಮ ಬಜಪೆಯ ರನ್‌ವೇಗಿಂತ ದೊಡ್ಡದು. ಆದರೂ ಅಲ್ಲಿಯೂ ಕಂಪನಿಗಳು ಬಂದು ಹೋಗುವ ಕಥೆ ತಪ್ಪಿಲ್ಲ. ರನ್‌ವೇ ಎಷ್ಟು ಉದ್ದ ಇದ್ದರೂ ಸೀಟು ತುಂಬುವುದು ರನ್‌ವೇಯಿಂದ ಅಲ್ಲ.

ಹಾಗಾದರೆ ಬೀದರಿನಿಂದ ಬೆಂಗಳೂರಿಗೆ ಯಾರು ಹಾರುತ್ತಾರೆ? ವಿಧಾನಸೌಧದಲ್ಲಿ ಕೆಲಸ ಇರುವವರು, ವ್ಯಾಪಾರಿಗಳು, ಬೆಂಗಳೂರಿನಲ್ಲಿ ಓದುವ, ದುಡಿಯುವ ಮಕ್ಕಳು, ದೊಡ್ಡ ಆಸ್ಪತ್ರೆಗೆ ಹೋಗುವ ರೋಗಿಗಳು. ಬೀದರಿನ ಗುರುನಾನಕ್ ಝೀರಾಕ್ಕೆ, ಬಸವಕಲ್ಯಾಣಕ್ಕೆ ಬರುವ ಯಾತ್ರಿಕರೂ ಇದ್ದಾರೆ. ಇವರಿಗೆಲ್ಲ ಬೇಕಾದದ್ದು ಒಂದೇ: ಇಂಥ ದಿನ, ಇಂಥ ಹೊತ್ತಿಗೆ ವಿಮಾನ ಇದ್ದೇ ಇರುತ್ತದೆ ಎಂಬ ನಂಬಿಕೆ. ಡಾಕ್ಟರ ಹತ್ತಿರ ಮುಂದಿನ ತಿಂಗಳಿಗೆ ದಿನ ಗೊತ್ತು ಮಾಡುವವನು, ಮುಂದಿನ ತಿಂಗಳು ವಿಮಾನ ಇರುತ್ತದೋ ಇಲ್ಲವೋ ಎಂಬ ಅನುಮಾನದಲ್ಲಿದ್ದರೆ ರೈಲಿನ ಟಿಕೆಟೇ ಮಾಡಿಸುತ್ತಾನೆ. ಜನ ಬರುವುದಿಲ್ಲ ಅಂತ ವಿಮಾನ ನಿಲ್ಲುವುದು, ವಿಮಾನ ನಿಲ್ಲುತ್ತದೆ ಅಂತ ಜನ ಬಾರದಿರುವುದು. ಈ ಗಂಟು ಬಿಡಿಸದೆ ಎಷ್ಟು ಸಲ ಉದ್ಘಾಟನೆ ಮಾಡಿದರೂ ಪ್ರಯೋಜನ ಇಲ್ಲ.

ಬಜಪೆ ಒಂದೇ ದಿನದಲ್ಲಿ ಆದದ್ದಲ್ಲ

ನಮ್ಮ ಬಜಪೆಯನ್ನು ನೆನೆಯಿರಿ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದಾಗ ಅಲ್ಲಿ ಇದ್ದದ್ದು ಗುಡ್ಡದ ಮೇಲಿನ ಸಣ್ಣ ರನ್‌ವೇ. ಅದರ ಉದ್ದ 1,615 ಮೀಟರ್. ದೊಡ್ಡ ಜೆಟ್‌ಗಳಿಗೆ ಸಾಲದು ಅಂತ 2,450 ಮೀಟರಿನ ಎರಡನೆಯ ರನ್‌ವೇ ಆಗಲು 2006ರವರೆಗೆ ಕಾಯಬೇಕಾಯಿತು. ದುಬೈಗೆ ನೇರ ವಿಮಾನ ಶುರುವಾದದ್ದೂ ಅದೇ ವರ್ಷ. ಅಂದರೆ ಮೊದಲ ವಿಮಾನ ಇಳಿದ ಮೇಲೆ 55 ವರ್ಷ.

ಅದಕ್ಕಿಂತ ಮೊದಲು ಗಲ್ಫಿಗೆ ಹೋಗುವ ಬ್ಯಾರಿ ಯುವಕನ ದಾರಿ ಯಾವುದು ಎಂದು ಹಿರಿಯರನ್ನು ಕೇಳಿ. ರಾತ್ರಿ ಬಸ್ಸಿನಲ್ಲಿ ಮುಂಬೈ, ಅಲ್ಲಿ ಪರಿಚಯದವರ ಕೋಣೆಯಲ್ಲಿ ನೆಲದ ಮೇಲೆ ಮಲಗಿ ಕಾಯುವುದು, ಆಮೇಲೆ ವಿಮಾನ. ಊರಿನಲ್ಲಿ ತಂದೆ ತೀರಿದರೆ ಬರಲು ಆಗದೆ ಅಲ್ಲೇ ಗಾಯಿಬ್ ಜನಾಝಾ ನಮಾಝ್ ಮಾಡಿ ಕಣ್ಣೊರೆಸಿಕೊಂಡವರು ಎಷ್ಟು ಮನೆಯಲ್ಲಿಲ್ಲ? ಇವತ್ತು ದುಬೈಯಿಂದ ನಾಲ್ಕು ಗಂಟೆಯೊಳಗೆ ಮಗ ಬಂದು ಇಳಿಯುತ್ತಾನೆ. ದೂರದ ದುಬೈ ಹತ್ತಿರವಾಗಿದೆ, ನಮ್ಮದೇ ರಾಜ್ಯದ ಬೀದರ್ ದೂರವೇ ಉಳಿದಿದೆ.

ಬಜಪೆ ನಮಗೆ ನೋವನ್ನೂ ಕೊಟ್ಟಿದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕೆಳಗೆ ಬಿದ್ದು 158 ಜನ ತೀರಿಕೊಂಡರು. ಬದುಕಿದವರು ಎಂಟೇ ಮಂದಿ. ಆ ನೋವಿನ ನಂತರವೂ ನಿಲ್ದಾಣ ನಿಲ್ಲಲಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಅದು ಸಾವಿರಾರು ಮನೆಗಳ ಅನ್ನದ ದಾರಿ ಆಗಿತ್ತು. ಬೀದರಿನ ನಿಲ್ದಾಣ ಇನ್ನೂ ಯಾರ ಅನ್ನದ ದಾರಿಯೂ ಆಗಿಲ್ಲ. ಆದ್ದರಿಂದಲೇ ಅದು ನಿಂತಾಗ ದೊಡ್ಡ ಕೂಗು ಏಳುವುದಿಲ್ಲ.

ನಿಲ್ದಾಣ ಹೇಗಿದೆ?

ಬೀದರಿನ ಟರ್ಮಿನಲ್ ಸಣ್ಣದು. ಕೆಂಜಾರಿನ ಟರ್ಮಿನಲ್ ನೋಡಿದವರಿಗೆ ತೀರಾ ಸಣ್ಣದು ಅನ್ನಿಸಬಹುದು. ಟಿಕೆಟ್ ತೋರಿಸಿ ಲಗೇಜು ಕೊಡುವ ಕೌಂಟರು, ಭದ್ರತಾ ತಪಾಸಣೆ, ಕಾಯುವ ಹಾಲ್, ಹೊರಗೆ ವಾಹನ ನಿಲ್ಲಿಸುವ ಜಾಗ. ಒಂದು ಹೊತ್ತಿಗೆ ಒಂದು ವಿಮಾನದ ಜನರನ್ನು ನೋಡಿಕೊಳ್ಳುವುದೇ ಅದರ ಕೆಲಸ. ಸಣ್ಣದಾಗಿರುವುದರಲ್ಲಿ ಅನುಕೂಲವೂ ಉಂಟು. ವಯಸ್ಸಾದವರು ಅರ್ಧ ಮೈಲಿ ನಡೆಯಬೇಕಾಗಿಲ್ಲ. ಟಿಕೆಟಿನಲ್ಲಿ, ಲಗೇಜಿನ ಚೀಟಿಯಲ್ಲಿ ಬೀದರಿನ ಗುರುತು ಐಎಕ್ಸ್‌ಎಕ್ಸ್. ಬಜಪೆಯದ್ದು ಐಎಕ್ಸ್‌ಇ. ಒಂದು ಅಕ್ಷರದ ವ್ಯತ್ಯಾಸ, ಬುಕ್ ಮಾಡುವಾಗ ಎಚ್ಚರ ಇರಲಿ.

ರನ್‌ವೇ ಮತ್ತು ವಿಮಾನಗಳ ನಿಯಂತ್ರಣ ವಾಯುಪಡೆಯದ್ದು. ಅವರ ತರಬೇತಿಗೆ ತೊಂದರೆ ಆಗದ ಹೊತ್ತಿನಲ್ಲಿ ನಮ್ಮ ವಿಮಾನ ಇಳಿಯಬೇಕು, ಏಳಬೇಕು. ಬಾಡಿಗೆ ಮನೆಯಲ್ಲಿ ಇರುವವರು ಮನೆಯ ಯಜಮಾನರ ಹೊತ್ತು ನೋಡಿ ನಡೆದುಕೊಂಡ ಹಾಗೆ. ಆದ್ದರಿಂದ ಹೊಸ ಮಾರ್ಗ, ಹೊಸ ವೇಳೆ ಕೇಳುವಾಗ ವಾಯುಪಡೆಯ ಒಪ್ಪಿಗೆಯೂ ಬೇಕಾಗುತ್ತದೆ.

ಪ್ರಯಾಣಿಸುವವರು ಕೆಲವು ವಿಷಯ ನೆನಪಿಡಿ:

ಇದು ರಕ್ಷಣಾ ಪ್ರದೇಶ. ವಿಮಾನದ ಕಿಟಕಿಯಿಂದಾಗಲಿ, ಇಳಿದು ನಡೆಯುವಾಗ ಆಗಲಿ ಫೋಟೊ, ವೀಡಿಯೊ ತೆಗೆಯಬಾರದು. ಸ್ಟೇಟಸ್ ಹಾಕುವ ಆಸೆಗೆ ತೊಂದರೆಗೆ ಸಿಕ್ಕಿಬೀಳಬೇಡಿ.

ಎರಡು ಗಂಟೆ ಮುಂಚೆ ಮುಟ್ಟಿ. ಹುಮನಾಬಾದಿನಿಂದ ಬೀದರಿಗೆ ಸುಮಾರು 50 ಕಿಲೋಮೀಟರ್, ರಾಜೇಶ್ವರ, ಬಸವಕಲ್ಯಾಣದವರಿಗೆ ಇನ್ನೂ ಹೆಚ್ಚು. ದಾರಿಯ ಹೊತ್ತು ಲೆಕ್ಕ ಹಾಕಿ ಹೊರಡಿ.

ಆಧಾರ್ ಅಥವಾ ಬೇರೆ ಫೋಟೊ ಇರುವ ಗುರುತಿನ ಚೀಟಿಯಲ್ಲಿ ಮತ್ತು ಟಿಕೆಟಿನಲ್ಲಿ ಹೆಸರು ಒಂದೇ ರೀತಿ ಇರಬೇಕು. ನಮ್ಮಲ್ಲಿ ಮುಹಮ್ಮದ್, ಮೊಹಮ್ಮದ್, ಮೊಹಮದ್ ಅಂತ ಒಬ್ಬನೇ ಮನುಷ್ಯನಿಗೆ ಮೂರು ಹೆಸರು. ಟಿಕೆಟ್ ಮಾಡಿಸುವಾಗಲೇ ನೋಡಿಕೊಳ್ಳಿ.

ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ, ಲಗೇಜಿಗೆ ಹಾಕಬೇಡಿ. ಕರಾವಳಿಯಿಂದ ಬರುವವರು ಒಣ ಕೊಬ್ಬರಿ ಕಟ್ಟಿಕೊಂಡು ಬರಬೇಡಿ. ಅದರಲ್ಲಿ ಎಣ್ಣೆ ಅಂಶ ಹೆಚ್ಚು, ಬೆಂಕಿ ಹಿಡಿಯುವ ವಸ್ತು ಎಂದು ತೆಗೆಸುತ್ತಾರೆ.

ಕೊನೆಯದಾಗಿ, ಇಂಥ ವಾರ ಇಂಥ ದಿನ ವಿಮಾನ ಇದೆಯೇ ಎಂದು ಹೊರಡುವ ಮುಂಚೆ ಕಂಪನಿಯಲ್ಲೇ ಕೇಳಿ ಖಾತ್ರಿ ಮಾಡಿಕೊಳ್ಳಿ. ಹಳೆಯ ವೇಳಾಪಟ್ಟಿ ನಂಬಬೇಡಿ.

ಏನು ಮಾಡಬಹುದು?

ಬೀದರಿಗೆ ಹೋದಾಗ ನಾವು ಮಹಮೂದ್ ಗವಾನರ ಮದ್ರಸಕ್ಕೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತೇವೆ. 1472ರಲ್ಲಿ ಕಟ್ಟಿದ್ದು. ಪರ್ಷಿಯಾದ ಗೀಲಾನಿನಿಂದ ಸಮುದ್ರ ದಾಟಿ ಬಂದ ಗವಾನರು ಬಹಮನಿಗಳ ಮಂತ್ರಿಯಾದರು, ದೂರದ ಊರುಗಳಿಂದ ವಿದ್ವಾಂಸರನ್ನು ಕರೆಸಿದರು. ಹಡಗು, ಕುದುರೆ, ಒಂಟೆಯ ಕಾಲದಲ್ಲಿ ಲೋಕ ಬೀದರಿಗೆ ಬಂತು. ಜಾಗ ದೂರ ಇದೆ ಎಂಬುದು ನೆಪ ಅಷ್ಟೇ. ದಾರಿ ಇಟ್ಟುಕೊಂಡರೆ ಜನ ಬರುತ್ತಾರೆ.

ಸರ್ಕಾರದಿಂದ ನಾವು ಕೇಳುವುದು ಹೆಚ್ಚೇನಿಲ್ಲ. ಮೂರು ವರ್ಷ ಎಂದು ಗೆರೆ ಎಳೆಯದೆ, ಜನರಿಗೆ ಅಭ್ಯಾಸ ಆಗುವವರೆಗೆ ನೆರವು ಮುಂದುವರಿಯಲಿ. ವೇಳೆ ಪದೇ ಪದೇ ಬದಲಾಗದಿರಲಿ. ವಿಮಾನದ ಹೊತ್ತಿಗೆ ಸರಿಯಾಗಿ ಹುಮನಾಬಾದ್, ಬಸವಕಲ್ಯಾಣ ಕಡೆಯಿಂದ ನಿಲ್ದಾಣಕ್ಕೆ ಒಂದು ಬಸ್ಸು ಇರಲಿ. ವಿಮಾನದ ಟಿಕೆಟಿನಷ್ಟೇ ಟ್ಯಾಕ್ಸಿಗೂ ಕೊಡಬೇಕಾದರೆ ಬಡವನಿಗೆ ಮಿತಿಯ ದರದಿಂದ ಏನು ಲಾಭ? ನಿಲ್ಲಿಸಲೇಬೇಕಾಗಿ ಬಂದರೆ ಎರಡು ಮೂರು ತಿಂಗಳು ಮುಂಚೆ ಜನರಿಗೆ ತಿಳಿಸಲಿ.

ನಮ್ಮ ಕಡೆಯಿಂದಲೂ ಒಂದು ಮಾತು. ಈ ಜಿಲ್ಲೆಗಳಲ್ಲಿ ಕರಾವಳಿಯ ಉಸ್ತಾದರು, ಬೇಕರಿ, ಹೋಟೆಲು ನಡೆಸುವವರು, ವ್ಯಾಪಾರಿಗಳು ಇದ್ದಾರೆ. ಊರಿಗೆ ಹೋಗುವಾಗ ಒಮ್ಮೆಯಾದರೂ ಬೀದರಿನಿಂದ ಬೆಂಗಳೂರು, ಅಲ್ಲಿಂದ ಬಜಪೆ ಎಂದು ಲೆಕ್ಕ ಹಾಕಿ ನೋಡಿ. ತಿಂಗಳು ಮುಂಚೆ ನೋಡಿದರೆ ದರ ಕೈಗೆಟುಕುವ ದಿನಗಳೂ ಸಿಗುತ್ತವೆ. ನಾವು ಹತ್ತದ ವಿಮಾನ ನಮಗೆ ಬೇಕಾದ ದಿನ ಬರಬೇಕು ಎಂದು ಕೇಳುವ ಹಕ್ಕು ನಮಗಿಲ್ಲ.

ಕಳೆದ ರಜೆಗೆ ನಾವು ಹಾಗೆಯೇ ಹೋದೆವು. ಬೀದರಿನಲ್ಲಿ ಹತ್ತಿ, ಬೆಂಗಳೂರಿನಲ್ಲಿ ಇಳಿದು, ಬೇರೆ ವಿಮಾನ ಹಿಡಿದು ಊರು ಮುಟ್ಟುವಾಗ ಇನ್ನೂ ಬೆಳಕು ಇತ್ತು. ಉಮ್ಮನ ಕಬರಿನ ಹತ್ತಿರ ಹೋಗಿ ಯಾಸೀನ್ ಓದಿದೆವು. ಮರಳಿ ಬಂದ ಮೇಲೆ ಆ ಹುಡುಗ ಮತ್ತೆ ಕೇಳಿದ, "ಈ ಸಲ ವಿಮಾನದಾಗ ಹೋದ್ರೇನ್ರಿ?" ಹೌದು ಎಂದೆವು. ಮುಂದಿನ ಸಲವೂ ಹೌದು ಎನ್ನುವ ಹಾಗೆ ಆಗಲಿ, ಇನ್‌ಶಾ ಅಲ್ಲಾಹ್.